ಸೆರಗಿನ ತುದಿಯ ಬೀಗದ ಕೈ

(ಹರಿಹರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಅನ್ನುವುದು ನಮ್ಮೂರಿಗೆ ಹೊಸ ಮಾತಲ್ಲ. ಹರಿಹರೇಶ್ವರನ ಗುಡಿಯನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು 1224ರಲ್ಲಿ. ಅದರ ಆವರಣದ ಶಾಸನಗಳಲ್ಲಿ ದತ್ತಿಯ ಲೆಕ್ಕಗಳಿವೆ: ಇಂಥ ಭೂಮಿ, ಇಂಥ ಸೇವೆಗೆ, ಸೂರ್ಯಚಂದ್ರರಿರುವ ತನಕ. ಅಸಲು ಮುಟ್ಟಬೇಡ, ಹುಟ್ಟುವಳಿಯಲ್ಲಿ ಕೆಲಸ ನಡೆಸು. ದತ್ತಿಯ ಗುಟ್ಟು ಇಷ್ಟೇ. ಇವತ್ತಿನ ಏರ್ಪಾಡೂ ಅದೇ. ಈ ಮೈಕು, ಈ ಹಾರ, ಆಮೇಲೆ ಹೊರಗೆ ಸಿಗುವ ಮಂಡಕ್ಕಿ ಮೆಣಸಿನಕಾಯಿ ಎಲ್ಲವೂ ಒಬ್ಬರು ತಮ್ಮ ತಾಯಿಯ ಹೆಸರಿನಲ್ಲಿ ಇಟ್ಟ ಹಣದ ಬಡ್ಡಿಯಿಂದ ಬಂದದ್ದು.

ಆ ಗುಡಿಯ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹರಿಯೂ ಹರನೂ ಎಂಟುನೂರು ವರ್ಷದಿಂದ ಒಂದೇ ಕೋಣೆಯಲ್ಲಿದ್ದಾರೆ. ಬಾಡಿಗೆ ಕೇಳುವವರಿಲ್ಲ, ಬರುವ ತಿಂಗಳು ಖಾಲಿ ಮಾಡಿ ಅನ್ನುವವರೂ ಇಲ್ಲ. ಅವರ ಭಕ್ತರಿಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ.

ನಮ್ಮಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ನೂಲಿನ ಕೆಲಸ ಮಾಡುತ್ತಿದ್ದರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರಿದ್ದ ಕಾಲ ಅದು. ಮಿಲ್ಲು ಕೂಗಿದರೆ ಓಣಿಗೆ ಓಣಿಯೇ ಏಳುತ್ತಿತ್ತು. ಈ ಕಡೆ ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ಕಟ್ಟುತ್ತಿತ್ತು. ಆಮೇಲೆ ಹೊಳೆಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಬಂತು. ಹಳ್ಳಿಯ ಹೊಲ ಬಿಟ್ಟು ಬಂದವರಿಗೆ ಕೆಲಸದ ಜೊತೆಗೇ ವಾಸವೂ ಸಿಗುತ್ತಿತ್ತು. ಕೆಲವರಿಗೆ ಕ್ವಾರ್ಟರ್ಸು, ಹೆಚ್ಚಿನವರಿಗೆ ಮಿಲ್ಲಿನ ಸುತ್ತಲಿನ ವಠಾರಗಳು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೊಸ ಶತಮಾನ ಕಣ್ಣು ಬಿಡುವ ಹೊತ್ತಿಗೆ ಕಿರ್ಲೋಸ್ಕರ್ ಕೂಡ ನಿಂತುಹೋಯಿತು.

ಕ್ವಾರ್ಟರ್ಸ್ ಬಿಟ್ಟ ದಿನ ಅಪ್ಪ ಬೀಗ ತೆಗೆದುಕೊಂಡು ಬಂದಿದ್ದರು. "ಮನೆ ಅವರದು, ಬೀಗ ನಂದು" ಅಂದರು. ಅಲಿಘಡದ ಹಿತ್ತಾಳೆ ಬೀಗ, ಅದನ್ನು ಹಾಕಲು ಬಾಗಿಲಿರಲಿಲ್ಲ. ಆಗ ನಮಗೆ ನಗು ಬಂದಿತ್ತು. ನನಗೂ ಈಗ ಅರವತ್ತೆಂಟು ದಾಟಿದೆ, ಅವರು ಹೇಳಿದ್ದೇನೆಂದು ಈಗ ತಿಳಿಯುತ್ತಿದೆ.

ಮಿಲ್ಲುಗಳು ಮುಚ್ಚಿದಾಗ ದುಡಿಯುತ್ತಿದ್ದ ತಲೆಮಾರು ಈಗ ಎಪ್ಪತ್ತು ಎಂಬತ್ತರಲ್ಲಿದೆ. ಅವರ ತಿಂಗಳ ಲೆಕ್ಕವನ್ನು ಒಮ್ಮೆ ನೋಡಿ. ನೌಕರರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚೆ ಕೆಲಸ ಕಳೆದುಕೊಂಡ ಹೆಚ್ಚಿನವರಿಗೆ ಆ ಪಿಂಚಣಿ ಇಲ್ಲ. ಅದರೊಳಗೆ ಬಂದವರಿಗೂ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಕುಡಿದ ಹೆಂಗಸರಿಗೆ, ಬೀಡಿ ಸುತ್ತಿ ಬೆರಳು ಸವೆಸಿದವರಿಗೆ, ಹಮಾಲಿ ಮಾಡಿದವರಿಗೆ ಬಹುಪಾಲು ಅಷ್ಟೂ ಇಲ್ಲ. ಇವರ ಪಾಲಿಗೆ ಇರುವುದು ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಮಾಸಾಶನ. 2007ರಲ್ಲಿ 400 ರೂಪಾಯಿಯಿಂದ ಶುರುವಾಗಿ ಈಗ 1,200ಕ್ಕೆ ಬಂದಿದೆ. ಕೇಂದ್ರ ಸರ್ಕಾರ ವೃದ್ಧಾಪ್ಯ ವೇತನಕ್ಕೆ ಕೊಡುವ ಪಾಲು 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ. ಸುಮಾರು ಎರಡು ದಶಕದಿಂದ ಆ 200 ಅಲ್ಲೇ ಕೂತಿದೆ. ಆ ಹೊತ್ತಿನಲ್ಲಿ ಹುಟ್ಟಿದ ಕೂಸು ಈಗ ಓಟು ಹಾಕುತ್ತದೆ.

ಸಾವಿರದ ಇನ್ನೂರು ರೂಪಾಯಿಯಲ್ಲಿ ಬಾಡಿಗೆ ಎಷ್ಟು ಕೊಡಬಹುದು? ಅಮೆರಿಕದಲ್ಲಿ 1959ರ ವಸತಿ ಕಾಯ್ದೆಯ 202ನೇ ಸೆಕ್ಷನ್ನಿನಡಿ ಬಡ ಹಿರಿಯರಿಗಾಗಿ ಬಾಡಿಗೆ ಮನೆಗಳನ್ನು ಕಟ್ಟುತ್ತಾರೆ. ಅಲ್ಲಿ ವಾಸಿಸುವವರು ಈಗ ಕೊಡುವ ಬಾಡಿಗೆ ಅವರ ವರಮಾನದ ಹೆಚ್ಚೂಕಡಿಮೆ ಶೇ 30. ಆ ಅಳತೆಯನ್ನು ಇಲ್ಲಿಗೆ ತಂದರೆ 360 ರೂಪಾಯಿ ಆಗುತ್ತದೆ. ಹರಿಹರದಲ್ಲಿ 360 ರೂಪಾಯಿಗೆ ಯಾರಾದರೂ ಕೋಣೆ ಕೊಡುವುದಾದರೆ ಸಭೆ ಮುಗಿದ ಮೇಲೆ ನನ್ನನ್ನು ಕಾಣಬೇಕು.

ಹಾಗಾಗಿ ಅವರು ಎಲ್ಲಿದ್ದಾರೆ? ಮಗನ ಮನೆಯ ಪಡಸಾಲೆಯಲ್ಲಿ, ಮಗಳ ಮನೆಯ ಮೆಟ್ಟಿಲ ಕೆಳಗೆ, ಯಾರದೋ ಹಿತ್ತಲಿನ ತಗಡಿನ ಸೂರಿನಡಿ, ಹೊಳೆಯ ದಂಡೆಯಲ್ಲಿ. ತುಂಗಭದ್ರೆ ಉಕ್ಕಿದ ವರ್ಷ ಗಂಗಾನಗರಕ್ಕೆ ನೀರು ನುಗ್ಗುತ್ತದೆ, ಜನರನ್ನು ಕಾಳಜಿ ಕೇಂದ್ರಕ್ಕೆ ಸಾಗಿಸುತ್ತಾರೆ. ಪೇಪರಿನ ಫೋಟೋದಲ್ಲಿ ಚಾಪೆಯ ಮೇಲೆ ಕೂತವರ ತಲೆಗಳನ್ನು ನೋಡಿ, ನರೆತ ತಲೆಗಳು ಬೇಗ ಕಣ್ಣಿಗೆ ಬೀಳುತ್ತವೆ. ಅಗ್ಗದ ಜಾಗ ಯಾವಾಗಲೂ ನೀರಿನ ಹತ್ತಿರವೋ ಗಟಾರದ ಹತ್ತಿರವೋ ಇರುತ್ತದೆ. ಅಲ್ಲಿ ಬಂದು ನೆಲೆಸುವವರು ಬೇರೆ ಕಡೆ ಬಾಡಿಗೆ ಕೊಡಲಾಗದವರು.

ಸರ್ಕಾರ ಮನೆ ಕೊಡುವುದಿಲ್ಲವೇ ಅಂತ ನೀವು ಕೇಳಬಹುದು. ಕೊಡುತ್ತದೆ. ಜನತಾ ಮನೆ ಬಂತು, ಆಶ್ರಯ ಮನೆ ಬಂತು, ಬಸವ ವಸತಿ, ವಾಜಪೇಯಿ ನಗರ ವಸತಿ ಬಂದವು, 2015ರಲ್ಲಿ ಪ್ರಧಾನ ಮಂತ್ರಿ ಆವಾಸ್ ಬಂತು. ಯಾವುದನ್ನೂ ನಾನು ಹಗುರವಾಗಿ ಆಡುವವನಲ್ಲ. ಹಕ್ಕುಪತ್ರ ಕೈಗೆ ಬಂದ ದಿನ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದವರನ್ನು ಕಂಡಿದ್ದೇನೆ. ಸೊಲ್ಲಾಪುರದಲ್ಲಿ ಬೀಡಿ ಸುತ್ತುವ ಹೆಂಗಸರು ನರಸಯ್ಯ ಆಡಂ ಅವರ ಮುಂದಾಳತ್ವದಲ್ಲಿ ಸಹಕಾರ ಸಂಘ ಕಟ್ಟಿಕೊಂಡು, ವರ್ಷಗಟ್ಟಲೆ ಹೋರಾಡಿ, ಕುಂಭಾರಿಯ ಬಳಿ ಹತ್ತು ಸಾವಿರ ಮನೆ ಪಡೆದರು. 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬಂದು ಅವನ್ನು ಒಪ್ಪಿಸಿದರು. ತೆಲುಗು, ಕನ್ನಡ, ಮರಾಠಿ ಬೆರೆಸಿ ಮಾತಾಡುವ ಊರು ಅದು. ಬೀಡಿ ಹೆಂಗಸರು ಒಂದಾಗಿ ನಿಂತರೆ ಏನಾಗಬಹುದು ಎಂಬುದಕ್ಕೆ ಅಷ್ಟು ದೊಡ್ಡ ಸಾಕ್ಷಿ ನನಗೆ ಬೇರೆ ಗೊತ್ತಿಲ್ಲ.

ಆದರೂ ನಮ್ಮ ವಸತಿ ಯೋಜನೆಗಳ ಕಣ್ಣಿಗೆ ಒಂದೇ ಬಗೆಯ ಮನುಷ್ಯ ಕಾಣುತ್ತಾನೆ. ಅವನು ಸಂಸಾರಸ್ಥ, ನಲವತ್ತರ ಆಸುಪಾಸಿನವನು, ದುಡಿಯುವವನು. ಅವನಿಗೆ ಸೈಟು ಕೊಡು, ಸಹಾಯಧನ ಕೊಡು, ಉಳಿದದ್ದನ್ನು ಅವನು ಸಾಲವೋ ಸೋಲವೋ ಮಾಡಿ ಹಾಕಿಕೊಳ್ಳಲಿ ಅನ್ನುವುದು ಕ್ರಮ. ಎಪ್ಪತ್ತೆರಡರ ವಿಧವೆ ತನ್ನ ಪಾಲಿನ ವಂತಿಗೆ ಎಲ್ಲಿಂದ ತರಬೇಕು? ಬ್ಯಾಂಕಿನವರು ಮೊದಲು ಅವಳ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ನೋಡುತ್ತಾರೆ, ಆಮೇಲೆ ಅವಳ ಮುಖ ನೋಡುತ್ತಾರೆ, ಅರ್ಜಿ ನೋಡುವುದೇ ಇಲ್ಲ. ಬಹುಮಹಡಿ ಮನೆಗಳನ್ನು ಹಂಚುವಾಗ ಹಿರಿಯರಿಗೆ ನೆಲಮಹಡಿಯಲ್ಲಿ ಆದ್ಯತೆ ಕೊಡಬೇಕೆಂದು ಆವಾಸ್ ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಒಳ್ಳೆಯ ಮಾತು. ಆದರೆ ಅವಳು ಪಟ್ಟಿಯೊಳಗೆ ಬಂದರೆ ತಾನೇ ನೆಲಮಹಡಿ? ಒಂದು ವೇಳೆ ಬಂದಳು ಅನ್ನಿ. ಬಡಾವಣೆ ಊರ ಹೊರಗೆ, ಏಕೆಂದರೆ ಜಾಗ ಅಲ್ಲೇ ಅಗ್ಗ. ಬಿ.ಪಿ. ಮಾತ್ರೆ ಮುಗಿದರೆ ಆಸ್ಪತ್ರೆಗೆ ಆಟೋ, ರೇಷನ್ನಿಗೆ ಆಟೋ, ಪಿಂಚಣಿ ತರಲು ಆಟೋ. ತಂದ ಪಿಂಚಣಿ ಆಟೋದವನಿಗೇ ಸರಿಹೋಗುತ್ತದೆ.

ನನಗೆ ತೋಚುವುದು ಇಷ್ಟು. ಬಡ ಮುದುಕರಿಗೆ ಬೇಕಾದದ್ದು ಸ್ವಂತ ಮನೆಯ ಹಕ್ಕುಪತ್ರವಲ್ಲ. ಇರುವ ಓಣಿಯಲ್ಲೇ, ಕೈಗೆಟುಕುವ ಬಾಡಿಗೆಗೆ, ಆಯುಷ್ಯ ಇರುವ ತನಕ ಯಾರೂ ಏಳಿಸದ ಒಂದು ಕೋಣೆ, ಅದಕ್ಕೊಂದು ಬೀಗ, ಅದರ ಕೈ ಅವರ ಹತ್ತಿರ. ನಮ್ಮ ಸರ್ಕಾರಗಳಿಗೆ ಮಾಲೀಕರನ್ನು ಮಾಡುವುದು ಗೊತ್ತು, ಬಾಡಿಗೆದಾರರನ್ನು ಕಾಯುವುದು ಇನ್ನೂ ಗೊತ್ತಾಗಿಲ್ಲ.

ವೃದ್ಧಾಶ್ರಮ ಇದೆಯಲ್ಲ ಅನ್ನುವವರಿದ್ದಾರೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ಹಂತಹಂತವಾಗಿ ವೃದ್ಧಾಶ್ರಮಗಳನ್ನು ತೆರೆಯಬಹುದು, ಜಿಲ್ಲೆಗೆ ಒಂದರಂತೆ ಶುರುಮಾಡಿ, ಕನಿಷ್ಠ 150 ನಿರ್ಗತಿಕರಿಗೆ ಜಾಗವಿರುವಂತೆ. 'ತೆರೆಯಬಹುದು' ಅನ್ನುವ ಪದವನ್ನು ಗಮನಿಸಿ. 'ತೆರೆಯತಕ್ಕದ್ದು' ಅಂತ ಇಲ್ಲ. ಇರಲಿ, 31 ಜಿಲ್ಲೆಗಳಲ್ಲೂ ತೆರೆದರು ಅಂದುಕೊಳ್ಳೋಣ. ಒಟ್ಟು 4,650 ಮಂಚ ಆಗುತ್ತವೆ. 2011ರ ಜನಗಣತಿಯಲ್ಲೇ ರಾಜ್ಯದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ, ನೂರಕ್ಕೆ ಒಂಬತ್ತೂವರೆ ಮಂದಿ. ಆ ಹಳೆಯ ಲೆಕ್ಕದಲ್ಲೇ ಸಾವಿರ ಜನಕ್ಕೆ ಒಂದು ಮಂಚವೂ ಬರುವುದಿಲ್ಲ.

ಸಂಖ್ಯೆಯನ್ನು ಪಕ್ಕಕ್ಕಿಡಿ. ಆಶ್ರಮಕ್ಕೆ ಹೋಗಲು ನಮ್ಮ ಜನ ಯಾಕೆ ಹಿಂದೇಟು ಹಾಕುತ್ತಾರೆ? ಅಲ್ಲಿ ಅನ್ನ ಹಾಕುವುದಿಲ್ಲ ಅಂತಲ್ಲ. ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಗಂಡ ಕಾರ್ಖಾನೆಯಲ್ಲಿದ್ದವರು, ತೀರಿಕೊಂಡು ಬಹಳ ವರ್ಷವಾಯಿತು. ಮಗ ದಾವಣಗೆರೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾನೆ. ಅವನು ಕೆಟ್ಟವನಲ್ಲ, ಅವನ ಹೆಂಡತಿಯೂ ಕೆಟ್ಟವಳಲ್ಲ, ಕೋಣೆ ಎರಡೇ. ಅಜ್ಜಿ ನಾಲ್ಕು ತಿಂಗಳು ಅಲ್ಲಿದ್ದು ಹರಿಹರಕ್ಕೇ ಮರಳಿದರು, ಒಂದು ಹಳೇ ಮಾಳಿಗೆ ಮನೆಯ ಹಿಂದಿನ ಕೋಣೆ ಹಿಡಿದರು. ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಾರೆ. ಆಶ್ರಮದ ಮಾತು ಎತ್ತಿದಾಗ ನನಗೆ ಹೇಳಿದರು: "ಊಟ ಯಾರ ಮನ್ಯಾಗಾದ್ರೂ ಸಿಗ್ತತೆ ಮೇಷ್ಟ್ರೇ. ಬಾಗ್ಲು ಹಾಕ್ಕಂಡು ಅಳಾಕೆ ಒಂದು ಜಾಗ ಬೇಕಲ್ಲ."

2023ರ ಆಗಸ್ಟ್‌ನಲ್ಲಿ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ ಶುರುವಾದ ಮೇಲೆ, ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರು ಅನ್ನುವ ಪ್ರಶ್ನೆಗೆ ಮನೆಮನೆಯಲ್ಲಿ ಬೆಲೆ ಬಂತು. ಅತ್ತೆಗೋ ಸೊಸೆಗೋ ಅಂತ ಟೀವಿಯಲ್ಲಿ ಜಗಳ ನಡೆಯಿತು. ನಾವೆಲ್ಲ ನಕ್ಕೆವು. ಆದರೆ ಒಂಟಿ ಹೆಂಗಸಿಗೆ 1,200ರ ಜೊತೆ ಆ 2,000 ಸೇರಿದರೆ ಮಾತು ಬೇರೆಯಾಗುತ್ತದೆ. ಅವಳು ಬಾಡಿಗೆ ಕೊಡಬಲ್ಲಳು, ಬಸ್ಸಿಗೆ ದುಡ್ಡು ಕೊಡದೆ ದಾವಣಗೆರೆಯ ದೊಡ್ಡಾಸ್ಪತ್ರೆಗೂ ಹೋಗಿಬರಬಲ್ಲಳು. ಒಂಟಿ ಗಂಡಸಿನ ಪಾಡು ಇನ್ನೂ ಹಳೆಯದೇ. ಹೋಟೆಲ್ ಜಗಲಿಗಳ ಮೇಲೆ ಮಲಗುವ ಮುದುಕರೇ ಹೆಚ್ಚು, ಮುದುಕಿಯರು ಕಡಿಮೆ. ಯಾಕೆಂದು ಯಾರಾದರೂ ವಿದ್ಯಾರ್ಥಿಗಳು ಕೂತು ಬರೆಯಬೇಕು.

ದುಡ್ಡಿದ್ದರೂ ಮನೆ ಸಿಗದ ಇನ್ನೊಂದು ಕಾರಣವಿದೆ. ಭಾಷಣಗಳಲ್ಲಿ ಅದನ್ನು ಯಾರೂ ಎತ್ತುವುದಿಲ್ಲ. ನಾನು ಎತ್ತುತ್ತೇನೆ. ಮುದುಕರು ಸಾಯುತ್ತಾರೆ ಅನ್ನುವ ಕಾರಣ.

ಬಾಡಿಗೆ ಮನೆಯಲ್ಲಿ ಸಾವಾದರೆ, ಅದೂ ನಕ್ಷತ್ರ ಸರಿಯಿಲ್ಲದ ಹೊತ್ತಿನಲ್ಲಾದರೆ, ಮನೆಗೆ ಬೀಗ ಹಾಕಬೇಕು. ಮೂರು ತಿಂಗಳು, ಆರು ತಿಂಗಳು, ಪಂಚಾಂಗ ಹೇಳಿದಷ್ಟು. ಧನಿಷ್ಠಾ ಪಂಚಕ ಎಂಬ ಮಾತು ಕೇಳಿದರೆ ಮನೆ ಮಾಲೀಕನಿಗೆ ಚಳಿ ಬರುತ್ತದೆ. ಅಷ್ಟು ತಿಂಗಳ ಬಾಡಿಗೆ ಹೋಯಿತು, ಆಮೇಲೆ ಬರುವವನೂ ಅನುಮಾನಿಸುತ್ತಾನೆ. ಹಾಗಾಗಿ ಬಿಳಿ ತಲೆ ಕಂಡ ಕೂಡಲೇ 'ಈಗಷ್ಟೇ ಬೇರೆಯವರು ಅಡ್ವಾನ್ಸ್ ಕೊಟ್ಟು ಹೋದರು' ಎಂಬ ಉತ್ತರ ಬರುತ್ತದೆ. ಕಾಯಿಲೆ ಬಿದ್ದು ಕೊನೆಯ ದಿನ ಎಣಿಸುತ್ತಿರುವವರನ್ನು ಊರಿಗೆ ಕರೆದೊಯ್ಯಿರಿ ಅಂತ ಮೆಲ್ಲಗೆ ಹೇಳಿದವರು ನಮ್ಮ ನಡುವೆಯೇ ಇದ್ದಾರೆ. ಆಸ್ಪತ್ರೆಯಲ್ಲಿ ಹೋದ ಜೀವದ ದೇಹವನ್ನು ಬಾಡಿಗೆ ಮನೆಯ ಮುಂದೆ ಇಳಿಸಲು ಬಿಡದೆ ನೇರ ಸ್ಮಶಾನಕ್ಕೆ ಒಯ್ದದ್ದನ್ನು ನಾನು ಕಂಡಿದ್ದೇನೆ. ಮಾಲೀಕನನ್ನು ಬೈದರೆ ಪ್ರಯೋಜನವಿಲ್ಲ, ಅವನಿಗೂ ಆ ಬಾಡಿಗೆಯೇ ಪಿಂಚಣಿ ಇರಬಹುದು. ಇದರ ಜೊತೆಗೆ 'ನೀವು ಯಾವ ಜನ?' ಎಂಬ ಮೊದಲ ಪ್ರಶ್ನೆ ಇದ್ದೇ ಇದೆ. ವಯಸ್ಸು ಒಂದು ಕಡೆ, ಜಾತಿ ಧರ್ಮ ಇನ್ನೊಂದು ಕಡೆ. ಆಜಾದ್ ನಗರದ ಒಬ್ಬ ಒಂಟಿ ಮುದುಕಿಗೆ ಬೇರೆ ಬಡಾವಣೆಯಲ್ಲಿ ಕೋಣೆ ಹುಡುಕಿಕೊಡಲು ನಾನು ಎರಡು ತಿಂಗಳು ತಿರುಗಿದೆ, ಸಿಗಲಿಲ್ಲ. ಮಾರುಕಟ್ಟೆಯೇ ಇದನ್ನು ನೋಡಿಕೊಳ್ಳುತ್ತದೆ ಅನ್ನುವವರ ಮೇಲೆ ಆವತ್ತಿನಿಂದ ನನಗೆ ನಂಬಿಕೆ ಉಳಿದಿಲ್ಲ. ಸಾವು ಆಗಬಹುದಾದ, ಆದರೂ ಬಾಗಿಲು ಮುಚ್ಚದ ಮನೆಯನ್ನು ಊರೇ ಸೇರಿ ಕಟ್ಟಬೇಕಾಗುತ್ತದೆ.

ಹಾಗೆ ಕಟ್ಟಿದವರು ಇದ್ದಾರೆ. ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿ ಯಾಕೋಬ್ ಫುಗ್ಗರ್ ಎಂಬ ಸಾಹುಕಾರ 1521ರಲ್ಲಿ ಬಡವರಿಗೆಂದು ಒಂದು ವಠಾರ ಕಟ್ಟಿಸಿದ. ಫುಗ್ಗರೈ ಅಂತ ಅದರ ಹೆಸರು. ವರ್ಷದ ಬಾಡಿಗೆ ಅಂದಿನ ಒಂದು ಗುಲ್ಡನ್, ಜೊತೆಗೆ ದಿನಕ್ಕೆ ಮೂರು ಪ್ರಾರ್ಥನೆ. ಐನೂರು ವರ್ಷ ಕಳೆದರೂ ಬಾಡಿಗೆ ಏರಿಲ್ಲ, ಈಗಿನ ಲೆಕ್ಕದಲ್ಲಿ ವರ್ಷಕ್ಕೆ 88 ಸೆಂಟ್, ಅಂದರೆ ನೂರು ರೂಪಾಯಿಯ ಆಸುಪಾಸು. ನೂರೈವತ್ತರಷ್ಟು ಜನ ಇವತ್ತಿಗೂ ಅಲ್ಲಿದ್ದಾರೆ. ಎರಡನೇ ಮಹಾಯುದ್ಧದ ಬಾಂಬು ಬಿದ್ದು ಬಹುಪಾಲು ನೆಲಸಮವಾದದ್ದನ್ನು ಮತ್ತೆ ಎಬ್ಬಿಸಿದರು. ಇದು ಹೇಗೆ ಸಾಧ್ಯವಾಯಿತು? ಆ ಸಾಹುಕಾರ ಮನೆಗಳ ಜೊತೆಗೆ ಅವನ್ನು ನೋಡಿಕೊಳ್ಳುವ ಆಸ್ತಿಯನ್ನೂ ಬಿಟ್ಟುಹೋದ. ಕಾಡಿನ ಮರದಿಂದ ಬರುವ ಆದಾಯ ಈಗಲೂ ಆ ಮನೆಗಳ ಹೆಂಚು ಹೊದಿಸುತ್ತದೆ. ನಮ್ಮ ಶಾಸನದ ಭಾಷೆಯಲ್ಲಿ ಹೇಳುವುದಾದರೆ ಅಪ್ಪಟ ದತ್ತಿ. ಫುಗ್ಗರ್ ದೊಡ್ಡ ಬಡ್ಡಿ ವ್ಯಾಪಾರಿ, ರಾಜರಿಗೇ ಸಾಲ ಕೊಟ್ಟವನು. ಅವನ ಪುಣ್ಯದ ಲೆಕ್ಕ ಅವನಿಗಿರಲಿ, ಹೆಂಚಿನ ಲೆಕ್ಕವನ್ನು ನಾವು ಕಲಿಯಬಹುದು.

ಸಿಂಗಪುರದ ಲೆಕ್ಕ ಇನ್ನೂ ನೇರ. ಅಲ್ಲಿನ ಸರ್ಕಾರಿ ವಸತಿ ಮಂಡಳಿ 55 ದಾಟಿದವರಿಗೆ ಸಣ್ಣ ಮನೆಗಳನ್ನು ಕಡಿಮೆ ಅವಧಿಯ ಭೋಗ್ಯಕ್ಕೆ ಕೊಡುತ್ತದೆ. ಹದಿನೈದು ವರ್ಷದಿಂದ ನಲವತ್ತೈದು ವರ್ಷದವರೆಗೆ, ಒಟ್ಟಿನಲ್ಲಿ ಆ ವ್ಯಕ್ತಿಗೆ 95 ತುಂಬುವ ತನಕ ಸಾಕಾಗಬೇಕು. ಅವಧಿ ಕಡಿಮೆಯಾದಷ್ಟೂ ದರ ಕಡಿಮೆ. ಆಯುಷ್ಯಕ್ಕೆ ತಕ್ಕಷ್ಟು ಮನೆ. ಅದು ದುಡ್ಡಿರುವ ದೇಶ ಅನ್ನುತ್ತೀರಿ. ಸರಿ, ಪಕ್ಕದ ತಮಿಳುನಾಡಿಗೆ ಬನ್ನಿ. 2004ರ ಸುನಾಮಿಯ ನಂತರ ಕಡಲೂರಿನ ಹತ್ತಿರ ಹೆಲ್ಪೇಜ್ ಇಂಡಿಯಾ ಸಂಸ್ಥೆಯ ತಾಮರೈಕುಳಂ ಎಂಬ ಹಿರಿಯರ ಊರು ಎದ್ದಿತು. ನೂರು ನಿರ್ಗತಿಕ ಹಿರಿಯರು ಅಲ್ಲಿದ್ದಾರೆ. ದೊಡ್ಡ ಹಾಲಿನಲ್ಲಿ ಸಾಲು ಮಂಚ ಹಾಕದೆ ಸಣ್ಣ ಸಣ್ಣ ಮನೆ ಕಟ್ಟಿದ್ದಾರೆ. ಕೈಲಾದವರು ಅಲ್ಲಿನ ಕೆಲಸದಲ್ಲೂ ಕೈಹಾಕುತ್ತಾರೆ.

ನಮ್ಮ ಸೀಮೆಯಲ್ಲಿ ದಾನಿಗಳಿಗೇನು ಬರವೇ? ದಾವಣಗೆರೆಯ ಡಿ.ಆರ್.ಎಂ. ಕಾಲೇಜಿನ ಆ ಮೂರು ಅಕ್ಷರಗಳನ್ನು ಬಿಡಿಸಿದರೆ ಧರ್ಮಪ್ರಕಾಶ ರಾಜನಹಳ್ಳಿ ಮದ್ದೂರಾಯಪ್ಪ. ಛತ್ರಗಳು, ಹಾಸ್ಟೆಲ್ಲುಗಳು, ಕಾಲೇಜುಗಳು, ಒಂದೊಂದರ ಹಿಂದೆಯೂ ಒಬ್ಬ ದಾನಿಯ ಹೆಸರಿದೆ. ಇಲ್ಲಿ ಕೊಟ್ಟವರ ಕಣ್ಣು ಬಹುಪಾಲು ಓದುವ ಮಕ್ಕಳ ಮೇಲಿತ್ತು. ಅವರ ಕಾಲದಲ್ಲಿ ಅದು ಸರಿಯಾಗಿತ್ತು. ಆ ಮಕ್ಕಳೇ ಈಗ ಮುದುಕರಾಗಿದ್ದಾರೆ, ನನ್ನನ್ನೂ ಸೇರಿಸಿ.

ನನ್ನ ಮನಸ್ಸಿನಲ್ಲಿರುವುದು ಹನ್ನೆರಡು ಕೋಣೆಯ ಒಂದು ವಠಾರ. ನೂರೈವತ್ತು ಮಂಚದ ಕಟ್ಟಡ ಬೇಡ, ಅದಕ್ಕೆ ಊರೊಳಗೆ ಜಾಗ ಸಿಗುವುದಿಲ್ಲ, ಊರ ಹೊರಗೆ ಹಾಕುತ್ತಾರೆ. ಹನ್ನೆರಡು ಕೋಣೆಗೆ ಯಾವುದೇ ಓಣಿಯಲ್ಲಿ ಒಂದು ಹಳೇ ಹಿತ್ತಲು ಸಾಕು. ಎಲ್ಲ ನೆಲದ ಮೇಲೆಯೇ, ಮಹಡಿ ಇಲ್ಲ. ಹೊಸಿಲು ತಗ್ಗಿಸಬೇಕು. ಮೆಟ್ಟಿಲಿರುವ ಕಡೆ ಒಂದಡಿ ಏರಿಗೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು, ಗಾಲಿಕುರ್ಚಿಗೆ ಅದೇ ಲೆಕ್ಕ. ಬಚ್ಚಲು ಕೋಣೆಗೇ ಅಂಟಿರಬೇಕು, ಕೂರಲು ಕಮೋಡು, ಹಿಡಿಯಲು ಗೋಡೆಗೆ ಗಟ್ಟಿ ಸರಳು. ಮುದುಕರ ಸೊಂಟ ಮುರಿಯುವುದು ಬಚ್ಚಲಲ್ಲೇ. ನುಣುಪು ಟೈಲ್ಸ್ ಹಾಕಿಸುವ ಎಂಜಿನಿಯರನ್ನು ಎಪ್ಪತ್ತು ದಾಟಿದ ಮೇಲೆ ಅದೇ ಬಚ್ಚಲಿಗೆ ಕಳಿಸಬೇಕು. ನಲ್ಲಿ ಬರುವ ದಿನ ಕೊಡ ಹೊರುವ ಕೆಲಸ ತಪ್ಪಬೇಕು, ಅದಕ್ಕೊಂದು ತೊಟ್ಟಿ, ಸಣ್ಣ ಪಂಪು. ನಡುವೆ ಅಂಗಳ, ಅಂಗಳಕ್ಕೊಂದು ಕಟ್ಟೆ, ಕಟ್ಟೆ ಬೀದಿಗೆ ಮುಖ ಮಾಡಿರಬೇಕು. ಹೋಗುವವರು ಬರುವವರು ಕಾಣದಿದ್ದರೆ ಅದು ಮನೆಯಲ್ಲ, ವಾರ್ಡು.

ಕೋಣೆಗೆ ತಿಂಗಳಿಗೆ 400 ರೂಪಾಯಿ, ಸಂಧ್ಯಾ ಸುರಕ್ಷೆಯ ಮೂರರಲ್ಲಿ ಒಂದು ಪಾಲು. ಹನ್ನೆರಡು ಕೋಣೆಯಿಂದ ವರ್ಷಕ್ಕೆ 57,600. ಇದರಲ್ಲಿ ಸುಣ್ಣಬಣ್ಣ, ಕರೆಂಟು, ಪಂಪಿನ ರಿಪೇರಿ ಆಗಬಹುದು, ಗುಡಿಸುವ ಹೆಂಗಸಿನ ಸಂಬಳ ಆಗುವುದಿಲ್ಲ. ಹತ್ತು ಲಕ್ಷದ ಒಂದು ದತ್ತಿ ಇಟ್ಟರೆ ಶೇ 7ರ ಬಡ್ಡಿಯಲ್ಲಿ ಇನ್ನೊಂದು 70,000 ಬರುತ್ತದೆ. ಹತ್ತು ಲಕ್ಷ ಈಗ ದಾವಣಗೆರೆಯ ಒಂದು ಮದುವೆಯ ಊಟದ ಬಿಲ್ಲು. ಕಟ್ಟಡದ ಖರ್ಚು ಸರ್ಕಾರದ್ದಾಗಬೇಕು. 2024ರಲ್ಲಿ ಶುರುವಾದ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ ಕೈಗೆಟುಕುವ ಬಾಡಿಗೆ ಮನೆಗಳಿಗೆಂದೇ ಒಂದು ಭಾಗವಿದೆ. ವಲಸೆ ಕಾರ್ಮಿಕರು, ದುಡಿಯುವ ಹೆಂಗಸರು ಅದನ್ನು ಬರೆದವರ ಕಣ್ಣ ಮುಂದಿದ್ದರು. ಅದೇ ಬಾಗಿಲಿನಿಂದ ಮುದುಕರನ್ನೂ ಒಳಗೆ ಕರೆಯಿರಿ ಎಂದು ನಗರಸಭೆ ಕೇಳಬೇಕು. ಕೇಳದಿದ್ದರೆ ನಾವು ಕೇಳಿಸಬೇಕು.

ಹೀಗೆ ಮಾಡಿದರೆ ಮಕ್ಕಳೆಲ್ಲ ಅಪ್ಪ ಅಮ್ಮನನ್ನು ತಂದು ಬಿಟ್ಟುಹೋಗುತ್ತಾರೆ ಎಂದು ಗೆಳೆಯರೊಬ್ಬರು ನನ್ನೊಂದಿಗೆ ವಾದಿಸಿದರು. ಬಿಡುವವರು ಈಗಲೂ ಬಿಡುತ್ತಿದ್ದಾರೆ, ಹರಿಹರ ಸ್ಟೇಷನ್ನಿನ ಬೆಂಚಿನ ಮೇಲೆ. ಬಿಡದವರ ಪೈಕಿ ಎಷ್ಟೋ ಮಂದಿ ಎರಡು ಕೋಣೆಯಲ್ಲಿ ಆರು ಜನ ಉಸಿರುಗಟ್ಟಿ ಇದ್ದಾರೆ. ತಾಯಿ ಅದೇ ಓಣಿಯಲ್ಲಿ ನಾಲ್ಕು ಮನೆ ಆಚೆ ಇದ್ದರೆ ಮೊಮ್ಮಗ ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಓಡಿಹೋಗುತ್ತಾನೆ. ಸೊಸೆ ಸಾರಿನ ಬಟ್ಟಲು ಕಳಿಸುತ್ತಾಳೆ, ಪಡಸಾಲೆಯಲ್ಲಿ ಕೊಡುತ್ತಿದ್ದುದಕ್ಕಿಂತ ತುಸು ಹೆಚ್ಚೇ ಕಳಿಸುತ್ತಾಳೆ. ದೂರ ಇದ್ದರೆ ಪ್ರೀತಿ ಅನ್ನುವ ಗಾದೆಯ ಮಾತಲ್ಲ ಇದು. ನಾಲ್ಕು ಮನೆ ದೂರ, ಅಷ್ಟೇ.

ಈ ಉಪನ್ಯಾಸ ಬರೆದ ಮೇಲೆ ಆ ಅಜ್ಜಿಗೆ ಓದಿ ಹೇಳಿದೆ. ಫುಗ್ಗರ್ ಕಥೆಗೆ ಅವರೇನೂ ಬೆರಗಾಗಲಿಲ್ಲ. ಕಮೋಡಿನ ಮಾತಿಗೆ ಮುಖ ಸಿಂಡರಿಸಿದರು. ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಹಾಕಿದರು.

"ಅಲ್ಲಿ ಸತ್ರೆ ಕೋಣೆಗೆ ಬೀಗ ಹಾಕ್ತಾರೇನು ಮೇಷ್ಟ್ರೇ?"

"ಇಲ್ಲವ್ವ. ತೊಳೆದು, ಸುಣ್ಣ ಹೊಡೆದು, ಮುಂದಿನವರಿಗೆ ಕೊಡ್ತಾರೆ."

"ಹಂಗಾದ್ರೆ ನಲ್ಲಿ ಹತ್ರದ ಕೋಣೆ ನಂಗೇ ಇರ್ಲಿ, ಬರ್ಕಳ್ರಿ" ಅಂದರು.

ಬರೆದುಕೊಂಡಿದ್ದೇನೆ. ಇನ್ನು ಹನ್ನೊಂದು ಕೋಣೆ ಖಾಲಿ ಇವೆ.